ಮಗ ನರಿಯಾದ ಊರಿಗೆ

ನನ್ನ ಮಗ ನರಿಯಾಗಿದ್ದಾನೆ ಎಂಬ ಸುದ್ದಿಯನ್ನು ಮೊದಲು ಮುಟ್ಟಿಸಿದವನು ನನ್ನ ತಮ್ಮ ಸತೀಶ. ಕಂಪ್ಯೂಟರ್ ಕಲಿತವರಿಗೆ ಗ್ರೀನ್ ಕಾರ್ಡ್ ಕೊಡುತ್ತೇವೆ ಬನ್ನಿ ಎಂದು ಜರ್ಮನಿ ಕರೆದಾಗ ಮೊದಲ ಸಾಲಿನಲ್ಲೇ ಹೊರಟುಹೋದವನು ಅವನು. ಮಾವನ ಬೆನ್ನು ಹಿಡಿದು ನನ್ನ ಮಗ ನಿಖಿಲನೂ ಎರ್ಲಾಂಗೆನ್ ಎಂಬ ಊರಿನ ವಿಶ್ವವಿದ್ಯಾಲಯಕ್ಕೆ ಓದಲು ಹೋಗಿದ್ದ. ಸತೀಶ ಇದ್ದದ್ದು ಮ್ಯೂನಿಕ್ ಹತ್ತಿರದ ಗಾರ್ಕಿಂಗ್‌ನಲ್ಲಿ. ಇಬ್ಬರ ನಡುವೆ ಎರಡೂವರೆ ತಾಸಿನ ರೈಲು ದಾರಿ.

"ಅಕ್ಕಾ, ನಿನ್ನ ಮಗ ಎಂತದೋ ಸಂಘ ಸೇರಿದ್ದಾನೆ. ತಲೆಗೆ ಟೋಪಿ, ಎದೆಗೆ ಪಟ್ಟಿ. ಹೊಸಬರಿಗೆ ಅಲ್ಲಿ ನರಿ ಅಂತ ಹೆಸರಂತೆ. ಮತ್ತೆ ಕತ್ತಿ ಹಿಡ್ಕೊಂಡು ಒಬ್ಬರ ಮುಖ ಒಬ್ಬರು ಕೊಯ್ಕೊಳ್ತಾರಂತೆ. ನನ್ನ ಆಫೀಸಿನ ಜರ್ಮನ್‌ನವ್ರೇ ಕೇಳಿ ಮುಖ ಹುಳಿ ಮಾಡಿದ್ರು."

"ನೀನು ಅವನ ಹತ್ರ ಕೇಳಿದ್ಯಾ?"

"ಕೇಳಿದ್ರೆ, 'ಮಾವ, ನಿಮಗೆ ಅದೆಲ್ಲ ಗೊತ್ತಾಗುದಿಲ್ಲ' ಅಂತಾನೆ."

ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. 'ನಿಮಗೆ ಗೊತ್ತಾಗುದಿಲ್ಲ' ಎಂಬ ಮಾತನ್ನು ನಾನು ಕೇಳಿದಷ್ಟು ಸಲ ದೇವಸ್ಥಾನದ ಗಂಟೆಯನ್ನೂ ಕೇಳಿಲ್ಲ. ಹಾಗೆ ಹೇಳುವ ಮಕ್ಕಳಿಗೆ ಸಾಮಾನ್ಯವಾಗಿ ತಮಗೇ ಪೂರ್ತಿ ಗೊತ್ತಿರುವುದಿಲ್ಲ. ಏಪ್ರಿಲ್ ಕೊನೆಗೆ ಹುಡುಗಿಯರೆಲ್ಲ ರಜೆಗೆ ಊರಿಗೆ ಹೋದರು. ಮನೆಯವರು, "ನೀನೇ ಹೋಗಿ ನೋಡಿ ಬಾ. ಹಾಸ್ಟೆಲಿನ ಭಾಷೆ ನಿನಗೇ ಬರುದು," ಎಂದರು. ಬೇಕಾದರೆ ಕಿವಿ ಹಿಡಿದು ಕರೆದುಕೊಂಡು ಬರುವುದು ಎಂದು ನಿಶ್ಚಯ ಮಾಡಿಕೊಂಡೇ ನಾನು ವಿಮಾನ ಹತ್ತಿದ್ದು.

ಮ್ಯೂನಿಕ್

ಪೆಟ್ಟಿಗೆ ಬಂದಾಗ ಅದರ ಮೂಲೆಯಿಂದ ಕೆಂಪು ಎಣ್ಣೆ ಇಳಿಯುತ್ತಿತ್ತು. ಮಾವಿನಮಿಡಿ ಉಪ್ಪಿನಕಾಯಿಯ ಭರಣಿ ಒಡೆದಿತ್ತು. ಕಸ್ಟಮ್ಸ್‌ನ ಎತ್ತರದ ಮನುಷ್ಯ ಕೈಗೆ ಗವಸು ಹಾಕಿಕೊಂಡು, ಹೆಣದ ಪರೀಕ್ಷೆಗೆ ಬಂದವನ ಹಾಗೆ ನನ್ನ ಸೀರೆಗಳನ್ನು ಒಂದೊಂದಾಗಿ ಎತ್ತಿದ. ಕೊನೆಗೆ ಒಂದು ಮಿಡಿಯನ್ನು ಎರಡು ಬೆರಳಲ್ಲಿ ಹಿಡಿದು, "ಇದೇನು?" ಎಂದು ಕೇಳಿದ. "ಬೇಬಿ ಮ್ಯಾಂಗೋ," ಎಂದೆ. ಅವನ ಮುಖದಲ್ಲಿ ನಿಜವಾದ ದುಃಖ ಕಂಡಿತು. ಎಳೆಗೂಸನ್ನು ಉಪ್ಪಿಗೆ ಹಾಕಿದವಳನ್ನು ನೋಡುವ ಹಾಗೆ ನನ್ನನ್ನು ನೋಡಿ, ಹೋಗು ಎಂದು ಕೈ ಮಾಡಿದ.

ಗಾರ್ಕಿಂಗ್

ಸತೀಶನ ಫ್ಲಾಟ್ ಬೆಳಕಾಗಿತ್ತು, ಒರೆಸಿಟ್ಟ ಹಾಗಿತ್ತು. ಮರುದಿನ ಭಾನುವಾರ. ಚಟ್ನಿಗೆಂದು ನಾನು ತೆಂಗಿನಕಾಯಿಯನ್ನು ಬಾಲ್ಕನಿಯ ನೆಲಕ್ಕೆ ಬಡಿದೆ. ಅದು ಎರಡು ಹೋಳಾಗುವ ಮೊದಲೇ ಕೆಳಗಿನ ಮನೆಯ ಹೆಂಗಸು ಬಾಗಿಲಿಗೆ ಬಂದಿದ್ದರು. ಸತೀಶ ಬಾಗಿ ಬಾಗಿ ಕ್ಷಮೆ ಕೇಳಿದ.

"ಅಕ್ಕಾ, ಇಲ್ಲಿ ಭಾನುವಾರ ಮೊಳೆ ಹೊಡೀಬಾರ್ದು, ಬಾಟ್ಲಿ ಡಬ್ಬಕ್ಕೆ ಹಾಕ್ಬಾರ್ದು. ರೂಹೆ ಅಂತಾರೆ. ಅಂದ್ರೆ ನಿಶ್ಶಬ್ದ."

"ಮತ್ತೆ ಮಾತಾಡ್ಬೌದಾ?"

"ಯಾರ ಹತ್ರ ಮಾತಾಡುದು?" ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಮಂಗಳೂರಿನಲ್ಲಿ ಬೀದಿಯ ತುದಿಗೆ ಹೋಗಿ ಬರಲು ಒಂದು ತಾಸು ಬೇಕಾಗುತ್ತಿದ್ದ ಹುಡುಗ ಇವನು. ಅಷ್ಟು ಜನ ಮಾತಾಡಿಸುತ್ತಿದ್ದರು.

ನಿಖಿಲನ ಹತ್ತಿರ ಎಷ್ಟು ಸಲ ಹೋಗಿದ್ದೀ ಎಂದು ಕೇಳಿದೆ. ಪ್ರಾಜೆಕ್ಟ್, ಡೆಡ್‌ಲೈನ್, ಚಳಿ ಎಂದ. ಒಂದು ಸಲವೂ ಹೋಗಿರಲಿಲ್ಲ.

ಎರ್ಲಾಂಗೆನ್

ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟ ಕೂಡಲೇ ನಾನು ಬೈಗುಳ ತಿಂದೆ. ಕೆಂಪು ಕಲ್ಲಿನ ಅಂದವಾದ ಪಟ್ಟಿಯೊಂದು ಕಂಡಿತು, ಅತಿಥಿಗಳಿಗೆ ಹಾಸಿದ್ದು ಎಂದುಕೊಂಡು ಅದರ ಮೇಲೆ ನಿಂತೆ. ಅದು ಸೈಕಲ್ಲಿನ ದಾರಿ. ಈ ಊರಿನಲ್ಲಿ ಪ್ರೊಫೆಸರು, ಅಜ್ಜಿ, ಟೈ ಕಟ್ಟಿದ ಎಂಜಿನಿಯರು ಎಲ್ಲರೂ ಸೈಕಲ್ಲಿನಲ್ಲೇ. ಗಂಟೆ ಬಾರಿಸಿ ಬಾರಿಸಿ ನನ್ನನ್ನು ಬದಿಗೆ ಸರಿಸಿದರು. ಅಷ್ಟರಲ್ಲಿ "ಅಮ್ಮಾ!" ಎಂದು ಕೂಗುತ್ತ ನಿಖಿಲ್ ಓಡಿ ಬಂದ. ಮೊದಲು ಅವನ ಕೆನ್ನೆ ನೋಡಿದೆ. ಎರಡೂ ಸರಿಯಾಗಿದ್ದವು.

ಅವನ ಜೊತೆ ಯೋನಾಸ್ ಎಂಬ ಹುಡುಗನಿದ್ದ. ಕಾನೂನು ಓದುವವನು, ಸಂಘದ ಆ ವರ್ಷದ ಮುಖ್ಯಸ್ಥ. ಅವನ ಎಡಗೆನ್ನೆಯ ಮೇಲೆ ಕಿವಿಯಿಂದ ಬಾಯಿಯ ಕಡೆಗೆ ಒಂದು ಗೆರೆ ಇಳಿದಿತ್ತು. ಅವನು ಬಾಗಿ ನಮಸ್ಕಾರ ಮಾಡಿ, ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡ. ಉಪ್ಪಿನಕಾಯಿಯ ಎಣ್ಣೆ ಅವನ ಬಿಳಿ ಅಂಗಿಗೆ ತಾಗಿದರೂ ಏನೂ ಆಗದವನ ಹಾಗೆ ನಡೆದ. ಆ ಶಿಸ್ತು ನನಗೆ ಹಿಡಿಸಿತು. ಗೆರೆ ಹಿಡಿಸಲಿಲ್ಲ.

ಸಂಘದ ಮನೆ ಎಂದರೆ ಗುಡ್ಡದ ಬುಡದಲ್ಲಿ ಒಂದು ದೊಡ್ಡ ಹಳದಿ ಬಂಗಲೆ. ಮೇಲೆ ಹುಡುಗರ ಕೋಣೆಗಳು, ಕೆಳಗೆ ಹಾಲ್, ಗೋಡೆಯ ತುಂಬ ಟೋಪಿ ಹಾಕಿದ ಸತ್ತವರ ಚಿತ್ರಗಳು. ನಿಖಿಲ್ ಎದೆಗೆ ಪಟ್ಟಿ ಹಾಕಿಕೊಂಡು ತೋರಿಸಿದ. ಬಲ ಹೆಗಲಿಂದ ಎಡ ಸೊಂಟಕ್ಕೆ. ನಮ್ಮಲ್ಲಿ ಜನಿವಾರವನ್ನು ಹಾಗೆ ಹಾಕುವುದು ಶ್ರಾದ್ಧದ ದಿನ. ನಾಲಿಗೆ ತುದಿಗೆ ಬಂದ ಆ ಮಾತನ್ನು ನುಂಗಿಕೊಂಡೆ.

ನಾನು ಹಾಸ್ಟೆಲ್ ತಪಾಸಣೆ ಮಾಡುವ ಕ್ರಮವೇ ಬೇರೆ. ಆಫೀಸ್ ಕೋಣೆ ನೋಡುವುದಿಲ್ಲ. ಮೊದಲು ಕಕ್ಕಸು, ಆಮೇಲೆ ಅಡುಗೆಮನೆ, ಆಮೇಲೆ ಎಲ್ಲರಿಗಿಂತ ಸಣ್ಣವರ ಮುಖ. ಕಕ್ಕಸು ಶುಚಿಯಾಗಿತ್ತು. ಅಡುಗೆಮನೆಯಲ್ಲಿ ಒಬ್ಬ ಸಪೂರ ಹುಡುಗ ಬೆಟ್ಟದಷ್ಟು ಗ್ಲಾಸು ತೊಳೆಯುತ್ತಿದ್ದ. ಮಥಿಯಾಸ್ ಎಂದು ಅವನ ಹೆಸರು. ನಿಖಿಲನ ಹಾಗೆಯೇ ಹೊಸಬ, ಅಂದರೆ ಇನ್ನೊಂದು ನರಿ. ಊಟ ಬಡಿಸುವುದು, ತೊಳೆಯುವುದು, ದೊಡ್ಡವರು ಕರೆದಾಗ ಓಡುವುದು ನರಿಗಳ ಕೆಲಸ. ಮಥಿಯಾಸ್ ನನ್ನನ್ನು ನೋಡಿ ನಕ್ಕ, ಆಮೇಲೆ ನಗಬಹುದಾ ಎಂದು ಕೇಳುವವನ ಹಾಗೆ ಯೋನಾಸ್‌ನ ಮುಖ ನೋಡಿದ.

ಅದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಚಹಾ ಕುಡಿಯುತ್ತ ಯೋನಾಸ್‌ನನ್ನು ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದೆ: "ಹೊರದೇಶದವರನ್ನು ಹತ್ತಿರ ಸೇರಿಸದ ಸಂಘಗಳೂ ನಿಮ್ಮಲ್ಲಿ ಇವೆಯಂತಲ್ಲ?"

"ಇವೆ," ಎಂದ ಅವನು, ತಡವರಿಸದೆ. "ಈ ಊರಲ್ಲೇ ಇವೆ. ಅವರ ಜೊತೆ ನಾವು ಒಂದು ಮೇಜಿಗೆ ಕೂರುವುದಿಲ್ಲ. ನಮ್ಮಲ್ಲಿ ದೇಶ, ಧರ್ಮ, ಪಕ್ಷ ಕೇಳುವುದಿಲ್ಲ. ಕತ್ತಿವರಸೆ ಮಾತ್ರ ಎಲ್ಲರೂ ಮಾಡಬೇಕು."

"ಯಾರು ಗೆದ್ದರು ಎಂದು ಹೇಗೆ ಗೊತ್ತಾಗುತ್ತದೆ?"

"ಗೆಲ್ಲುವುದು ಸೋಲುವುದು ಇಲ್ಲ. ಕಣ್ಣಿಗೆ ಕಬ್ಬಿಣದ ಕನ್ನಡಕ, ಕುತ್ತಿಗೆಗೆ ದಪ್ಪ ಪಟ್ಟಿ. ಪಕ್ಕದಲ್ಲಿ ಡಾಕ್ಟರ್ ಇರುತ್ತಾರೆ. ನಿಂತ ಜಾಗದಿಂದ ಹಿಂದೆ ಸರಿಯಬಾರದು, ತಲೆ ತಪ್ಪಿಸಬಾರದು. ಅಷ್ಟೇ."

"ಹೊಡೆತ ಬರುವಾಗ ತಲೆ ತಪ್ಪಿಸುವುದು ದೇವರು ಕೊಟ್ಟ ಬುದ್ಧಿಯಲ್ಲವೇ?"

"ಅದನ್ನು ಮೀರುವುದೇ ಪರೀಕ್ಷೆ," ಎಂದ. ಮುಂದಿನ ತಿಂಗಳು ನಿಖಿಲನ ಸರದಿ ಎಂಬುದೂ ಆಗಲೇ ತಿಳಿಯಿತು. ನಿಖಿಲ್ ಕಿಟಕಿಯ ಹೊರಗೆ ನೋಡುತ್ತಿದ್ದ.

ಭಾನುವಾರದ ಕೂಟ

ನಾನು ಹತ್ತಿರದ ಒಂದು ಸಣ್ಣ ವಸತಿಗೃಹದಲ್ಲಿ ಉಳಿದಿದ್ದೆ. ಬೀದಿಯ ಅಂಗಡಿಗಳಲ್ಲಿ ಆಸ್ಪರಾಗಸ್ ಎಂಬ ಬಿಳಿ ದಂಟಿನ ರಾಶಿ ಬಿದ್ದಿತ್ತು. ಇಲ್ಲಿಯವರು ಅದನ್ನು ನಮ್ಮವರು ಮಾವಿನ ಹಣ್ಣನ್ನು ಕೊಳ್ಳುವಷ್ಟು ಭಕ್ತಿಯಿಂದ ಆರಿಸುತ್ತಾರೆ. ತಿಂದು ನೋಡಿದೆ. ಬೇಯಿಸಿದ ಬಾಳೆದಿಂಡಿಗೆ ಬೆಣ್ಣೆ ಸುರಿದ ಹಾಗಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಸಂಘದಲ್ಲಿ ಕೂಟ. ಆ ದಿನ ಹೊರಗಿನವರಿಗೂ ಪ್ರವೇಶವಿತ್ತು, ಹಾಗಾಗಿ ನನಗೂ ಕರೆ ಬಂತು. ಉದ್ದ ಮೇಜು, ಬಿಯರ್, ಬಿಳಿ ಸಾಸೇಜು. ಯೋನಾಸ್ ಟೋಪಿ ಹಾಕಿ ಮುಖ್ಯಸ್ಥನ ಜಾಗದಲ್ಲಿ ಕೂತಿದ್ದ. ಸದ್ದು ಹೆಚ್ಚಾದಾಗ ಕತ್ತಿಯ ಮಗ್ಗುಲಿನಿಂದ ಮೇಜಿಗೆ ಬಡಿಯುತ್ತಿದ್ದ. ಕೂಡಲೇ ಎಲ್ಲರೂ ಎದ್ದು ಹಾಡುತ್ತಿದ್ದರು. ಹಾಡು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆ ಗಟ್ಟಿ ದನಿಗಳ ನಡುವೆ ನನ್ನ ಮಗನೂ ಜರ್ಮನ್‌ನಲ್ಲಿ ಹಾಡುವುದನ್ನು ನೋಡಿ ನನಗೆ ಹೆಮ್ಮೆಯೇ ಆಯಿತು. ನನ್ನ ಪಕ್ಕದಲ್ಲಿ ಸಂಘದ ಹಳೆಯ ಸದಸ್ಯರೊಬ್ಬರು ಕೂತಿದ್ದರು, ನಿವೃತ್ತ ಪಶುವೈದ್ಯರು. ನಡೆಯುತ್ತಿರುವುದನ್ನೆಲ್ಲ ನಿಧಾನ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು.

ಹಾಡಿನ ಸಾಲು ತಪ್ಪಿದ ನರಿಗೆ ದಂಡ. ದಂಡವೆಂದರೆ ಒಂದು ಗ್ಲಾಸು ಬಿಯರನ್ನು ನಿಂತು ಒಂದೇ ಉಸಿರಿಗೆ ಕುಡಿಯುವುದು. ಮಥಿಯಾಸ್ ತಪ್ಪಿದ. ಕುಡಿದ. ಕುಡಿದದ್ದಕ್ಕೇ ಮತ್ತೆ ತಪ್ಪಿದ. ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಆದರೆ ಅವನ ತುಟಿ ಬೆಳ್ಳಗಾಗಿತ್ತು. ಹಾಸ್ಟೆಲಿನಲ್ಲಿ ರ್‍ಯಾಗಿಂಗ್ ನೋಡಿದವಳು ನಾನು. ನಮ್ಮಲ್ಲಿ ಅದು ಬಾಗಿಲು ಹಾಕಿಕೊಂಡು ಕದ್ದು ನಡೆಯುತ್ತದೆ. ಇಲ್ಲಿ ಟೋಪಿ ಹಾಕಿಕೊಂಡು, ಅತಿಥಿಗಳನ್ನು ಕರೆದು, ಹಾಡು ಹೇಳಿ ನಡೆಯುತ್ತದೆ. ಸಣ್ಣವನ ಮುಖ ಮಾತ್ರ ಎರಡೂ ಕಡೆ ಒಂದೇ.

ಮತ್ತೊಂದು ಗ್ಲಾಸು ತುಂಬಿದಾಗ ನಾನು ಏಳಬೇಕೆಂದಿದ್ದೆ. ಅಷ್ಟರಲ್ಲಿ ಮಥಿಯಾಸ್‌ನ ಪಕ್ಕ ಕೂತಿದ್ದ ನಿಖಿಲ್ ಕೈ ಚಾಚಿ ಆ ಗ್ಲಾಸಿನ ಬಾಯಿ ಮುಚ್ಚಿದ. ಏನೋ ಒಂದು ಮಾತು ಹೇಳಿದ. ಹಾಲಿನಲ್ಲಿದ್ದ ತಲೆಗಳೆಲ್ಲ ಅವನ ಕಡೆ ತಿರುಗಿದವು.

"ಏನು ಹೇಳಿದ?" ಎಂದು ಕೇಳಿದೆ.

"ಇವನಿಗೆ ಸಾಕು ಎಂದ," ಎಂದರು ಹಿರಿಯರು.

ಯೋನಾಸ್ ಕತ್ತಿಯಿಂದ ಮೇಜಿಗೆ ಬಡಿದು ಏನೋ ಅಂದ. ನರಿಗೆ ಇಲ್ಲಿ ಮಾತಾಡುವ ಹಕ್ಕಿಲ್ಲ ಎಂದು ಅದರ ಅರ್ಥವಂತೆ. ನಿಖಿಲ್ ಕೈ ತೆಗೆಯಲಿಲ್ಲ. ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂತೆ. ಇದು ಅವನು ಎತ್ತಿದ ಕೈ, ನಾನು ಎದ್ದರೆ ಅದು ಅಮ್ಮನ ಕೈಯಾಗಿಬಿಡುತ್ತದೆ.

ಆಗ ಯಾರೂ ನೆನೆಸದದ್ದು ನಡೆಯಿತು. ಮಥಿಯಾಸ್ ತಾನೇ ನಿಖಿಲನ ಕೈ ಸರಿಸಿ, ಗ್ಲಾಸು ಎತ್ತಿ ಗಟಗಟ ಕುಡಿದ. ಎಲ್ಲರೂ ಮೇಜು ಬಡಿದು ಮೆಚ್ಚಿದರು. ಅವನು ಹೆಮ್ಮೆಯಿಂದ ಸುತ್ತ ನೋಡಿದ, ಆಮೇಲೆ ಬಟ್ಟೆ ಜಾರಿದ ಹಾಗೆ ಕುರ್ಚಿಯಿಂದ ಕೆಳಗೆ ಜಾರಿದ.

ನಿಖಿಲನೂ ನಾನೂ ಅವನನ್ನು ಅಡುಗೆಮನೆಗೆ ಎತ್ತಿಕೊಂಡು ಹೋದೆವು. ಹಿರಿಯರೂ ಹಿಂದೆಯೇ ಬಂದು, ಉಸಿರು, ನಾಡಿ, ಕಣ್ಣು ನೋಡಿದರು. "ದನಗಳಿಗೆ ಇಷ್ಟು ಕುಡಿಸಿದರೆ ನಾನು ಪೊಲೀಸರನ್ನು ಕರೆಯುತ್ತಿದ್ದೆ," ಎಂದು ಗೊಣಗಿ, ಮಗ್ಗುಲಾಗಿ ಮಲಗಿಸಿ, ಒಬ್ಬನನ್ನೇ ಬಿಡಬೇಡಿ ಎಂದರು. ಹುಡುಗ ವಾಂತಿ ಮಾಡತೊಡಗಿದ. ಬಾಗಿಲಲ್ಲಿ ಯೋನಾಸ್ ನಿಂತಿದ್ದ. ಟೋಪಿ ಇನ್ನೂ ತಲೆಯ ಮೇಲಿತ್ತು.

"ಇವನು ನಿನಗೆ ಏನಾಗಬೇಕು?" ಎಂದು ಕೇಳಿದೆ.

"ಪ್ರತಿ ನರಿಯೂ ದೊಡ್ಡವರಲ್ಲಿ ಒಬ್ಬನನ್ನು ಅಣ್ಣ ಎಂದು ಆರಿಸಿಕೊಳ್ಳಬೇಕು. ಇವನು ನನ್ನನ್ನು ಆರಿಸಿಕೊಂಡ."

"ಹಾಗಾದರೆ ಬಕೆಟ್ ನೀನು ಹಿಡಿ," ಎಂದು ಅವನ ಕೈಗೆ ಕೊಟ್ಟೆ.

ಅವನು ಹಿಡಿದ. ಟೋಪಿ ತೆಗೆದು ಪಾತ್ರೆಗಳ ನಡುವೆ ಇಟ್ಟು, ನೆಲದ ಮೇಲೆ ಮಂಡಿಯೂರಿ ಕೂತು, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಮಥಿಯಾಸ್‌ನ ಹಣೆ. ಹುಡುಗ ಎಚ್ಚರವಾಗಿ ನೀರು ಕೇಳುವ ತನಕ ಎದ್ದೇಳಲಿಲ್ಲ.

ಹೊಳೆಯ ಬದಿ

ಆ ಸಂಜೆ ನಿಖಿಲ್ ನನ್ನನ್ನು ಊರಾಚೆಯ ಹೊಳೆಯ ಬದಿಗೆ ಕರೆದುಕೊಂಡು ಹೋದ. ನಮ್ಮ ನೇತ್ರಾವತಿಯ ಮುಂದೆ ಅದು ತೋಡು. ಆದರೂ ಬೆಂಚು ಹಾಕಿ, ಮರ ನೆಟ್ಟು, ಬಾತುಕೋಳಿ ಬಿಟ್ಟು ಮರ್ಯಾದೆ ಕೊಟ್ಟಿದ್ದಾರೆ.

"ಎಂತಕ್ಕೆ ಸೇರಿದ್ದು ಮಗಾ, ನಿಜ ಹೇಳು."

ಅವನು ಒಂದು ಕಲ್ಲು ಹೆಕ್ಕಿ ನೀರಿಗೆ ಎಸೆದ. "ಮೊದ್ಲು ನಾನಿದ್ದ ಸ್ಟೂಡೆಂಟ್ ಹಾಸ್ಟೆಲಲ್ಲಿ ಒಳ್ಳೆ ರೂಮ್ ಇತ್ತಮ್ಮ. ಎಲ್ಲ ಇತ್ತು. ಆದ್ರೆ ಇಡೀ ಚಳಿಗಾಲ ನನ್ನ ಬಾಗಿಲು ಯಾರೂ ತಟ್ಲಿಲ್ಲ. ಒಂದು ಸಲ ಜ್ವರ ಬಂದು ಎದ್ದೇಳ್ಲಿಕ್ಕೆ ಆಗ್ಲಿಲ್ಲ. ಯೂನಿವರ್ಸಿಟಿಯಲ್ಲಿ ಪರಿಚಯ ಆಗಿದ್ದ ಯೋನಾಸ್, ಎರಡು ದಿನ ಕ್ಯಾಂಟೀನಲ್ಲಿ ಕಾಣ್ಲಿಲ್ಲ ಅಂತ ಹುಡುಕಿಕೊಂಡು ಬಂದ. ಸೂಪ್ ತಂದ. ಅವನೊಬ್ಬನೇ."

"ಮಾವನಿಗೆ ಫೋನ್ ಮಾಡ್ಬೌದಿತ್ತಲ್ಲ?"

"ಮಾಡಿದ್ದೆ. ವೀಕೆಂಡಿಗೆ ಬರ್ತೇನೆ ಅಂದಿದ್ರು."

ಮಗ ಕೆಟ್ಟ ಸಹವಾಸಕ್ಕೆ ಬಿದ್ದ ಎಂದು ನಾವು ಹೆದರುತ್ತೇವೆ. ಸಹವಾಸವೇ ಇಲ್ಲದೆ ಒಂದು ಚಳಿಗಾಲ ಕಳೆದ ಎಂಬುದು ನಮ್ಮ ಕಿವಿಗೆ ಬೀಳುವುದೇ ಇಲ್ಲ.

"ಮತ್ತೆ ಆ ಕತ್ತಿ?"

"ದಿನಾ ಪ್ರ್ಯಾಕ್ಟೀಸ್ ಮಾಡ್ತೇನೆ. ಚೆನ್ನಾಗೇ ಮಾಡ್ತೇನೆ. ಆದ್ರೆ ಅದರ ದಿನ ಹತ್ರ ಬಂದ ಹಾಗೆ ಊಟ ಸೇರುದಿಲ್ಲ. ಈಗ ಬೇಡ ಅಂದ್ರೆ, ಇಂಡಿಯಾದವ ಹೆದರಿದ ಅಂತಾರೆ."

"ಹೆದರಿದ್ದೀಯಾ?"

"ಹ್ಞೂಂ."

"ಹಾಗಾದ್ರೆ ಅವರು ಹೇಳುದು ಸುಳ್ಳೇನೂ ಅಲ್ವಲ್ಲ," ಎಂದೆ. ಅವನು ತಿರುಗಿ ನನ್ನನ್ನು ನೋಡಿ, ಊರು ಬಿಟ್ಟ ಮೇಲೆ ಮೊದಲ ಬಾರಿಗೆಂಬಂತೆ ಗಟ್ಟಿಯಾಗಿ ನಕ್ಕ. ಬಾ ಊರಿಗೆ ಹೋಗುವ ಎಂದು ಹೇಳಲು ಬಂದವಳು ನಾನು. ಆ ಮಾತು ಅಲ್ಲಿಯೇ ಬಿಟ್ಟುಹೋಯಿತು.

ಸಭೆ

ಎರಡು ದಿನ ಬಿಟ್ಟು ಸಂಘದ ಸಭೆ. ಕೂಟದಲ್ಲಿ ಅಪ್ಪಣೆ ಮೀರಿದ್ದಕ್ಕೆ ನಿಖಿಲ್ ಉತ್ತರ ಕೊಡಬೇಕಿತ್ತು. ಹೊರಗಿನವರು ಹೋಗುವ ಹಾಗಿಲ್ಲ. ನಾನು ವಸತಿಗೃಹದ ಅಂಗಳದಲ್ಲಿ ಕೂತು, ಹೊತ್ತು ಹೋಗದೆ, ಅಲ್ಲಿಯ ಅಜ್ಜಿಗೆ ಬೀನ್ಸ್ ಹೆಚ್ಚಿಕೊಟ್ಟೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಬೀನ್ಸ್ ಮಾತ್ರ ಸಣ್ಣಗೆ ಬಂತು.

ಇನ್ನೂ ಬೆಳಕಿರುವಾಗಲೇ ನಿಖಿಲ್ ಬಂದ. ಎದೆಯ ಮೇಲೆ ಪಟ್ಟಿ ಇರಲಿಲ್ಲ.

"ಬಿಯರಿನ ವಿಷಯಕ್ಕೆ ವೋಟ್ ಹಾಕಿದ್ರು. ಸಾಕು ಅಂದವನಿಗೆ ನೀರು ಕೊಡ್ಬೇಕು, ಕಾರಣ ಕೇಳ್ಬಾರ್ದು ಅಂತ ಆಯ್ತು. ಕಷ್ಟದಲ್ಲಿ ಪಾಸ್. ಮೊದ್ಲು ಕೈ ಎತ್ತಿದ್ದು ಯೋನಾಸ್."

"ಮತ್ತೆ ನೀನು?"

"ಕತ್ತಿವರಸೆ ನನ್ನಿಂದ ಆಗುದಿಲ್ಲ ಅಂದೆ. ಒಬ್ಬ, ಎಂತಕ್ಕೆ, ಧರ್ಮದ ಕಾರಣವಾ ಅಂತ ಕೇಳಿದ. ಹೌದು ಅಂದಿದ್ರೆ ಸುಲಭ ಇತ್ತಮ್ಮ. ಎಲ್ಲರೂ ಮರ್ಯಾದೆಯಿಂದ ಬಿಡ್ತಿದ್ರು. ಅಲ್ಲ, ನನಗೆ ಹೆದರಿಕೆ ಆಗ್ತದೆ, ಅದು ಬೇಡ ಅಂತಲೂ ಅನ್ನಿಸ್ತದೆ ಅಂದೆ." ಅವನು ಕುರ್ಚಿಯ ಮೇಲೆ ಕುಸಿದು ಕೂತ. "ಯಾರೂ ನಗ್ಲಿಲ್ಲ."

ಕತ್ತಿವರಸೆಯ ನಿಯಮವನ್ನು ಅವರು ಬದಲಿಸಲಿಲ್ಲ. ಅದನ್ನು ಮಾಡದವನು ಸದಸ್ಯನಾಗುವಂತಿಲ್ಲ. ನಿಖಿಲ್ ಎಲ್ಲರ ಕೈ ಕುಲುಕಿ, ಪಟ್ಟಿ ಮಡಚಿ ಕೊಟ್ಟು ಬಂದಿದ್ದ. ಮಥಿಯಾಸ್ ಮಾತ್ರ ಅಲ್ಲೇ ಉಳಿದ. ಅವನಿಗೆ ಅಲ್ಲಿರುವುದು ಬೇಕಿತ್ತು, ಕತ್ತಿಯೂ ಬೇಕಿತ್ತು. ಏಕೆ ಎಂಬುದು ಅವನ ತಾಯಿ ಕೇಳಬೇಕಾದ ಪ್ರಶ್ನೆ.

ಊರಿಗೆ ಬಂದ ಮೇಲೆ, ಮಗ ಅಲ್ಲಿ ಹೀಗೊಂದು ಸಂಘ ಸೇರಿದ್ದಾನೆ, ಬಿಡಿಸಬೇಕಾ ಎಂದು ನನ್ನನ್ನು ಕೇಳಿದವರಿದ್ದಾರೆ. ನಾನು ಹೇಳುವುದು ಇಷ್ಟೇ: ಟೋಪಿ, ಪಟ್ಟಿ, ಹೆಸರು ನೋಡಿ ಕಂಗಾಲಾಗಬೇಡಿ. ಯಾರನ್ನು ಸೇರಿಸುವುದಿಲ್ಲ ಎಂದು ಕೇಳಿ. ಅಲ್ಲಿ ಬೇಡ ಎಂದವನಿಗೆ ಏನಾಗುತ್ತದೆ ಎಂದು ಕೇಳಿ. ಇದನ್ನೆಲ್ಲ ಕೇಳುವ ಮೊದಲು, ಸೇರುವುದಕ್ಕಿಂತ ಹಿಂದೆ ಅವನ ಸಂಜೆಗಳು ಹೇಗೆ ಕಳೆಯುತ್ತಿದ್ದವು ಎಂದು ಮಗನನ್ನೇ ಕೇಳಿ. ಉತ್ತರ ಬರುವ ತನಕ ಫೋನ್ ಇಡಬೇಡಿ.

ಎರ್ಲಾಂಗೆನ್ ಸ್ಟೇಷನ್

ನಿಖಿಲನಿಗೆ ಹೊಸ ಕೋಣೆ ಹುಡುಕಿಕೊಟ್ಟವನು ಯೋನಾಸ್. ಮೂವರು ವಿದ್ಯಾರ್ಥಿಗಳು ಸೇರಿ ಬಾಡಿಗೆಗೆ ಹಿಡಿದ ಮನೆ, ಒಂದು ಅಡುಗೆಮನೆ, ಗದ್ದಲ ಬೇಕಾದಷ್ಟು. ಸಾಮಾನು ಸಾಗಿಸಿದ್ದು ಸೈಕಲ್ಲಿಗೆ ಕಟ್ಟಿದ ಗಾಡಿಯಲ್ಲಿ. ಬಟ್ಟೆಯ ಕಪಾಟು ಗಾಡಿಯ ಮೇಲೆ, ಅದು ಬೀಳದ ಹಾಗೆ ಹಿಡಿದುಕೊಂಡು ಮಥಿಯಾಸ್, ಹಿಂದಿನಿಂದ ದಿಂಬು ಹೊತ್ತ ನಾನು. ಕೆಂಪು ದೀಪಕ್ಕೆ ನಿಂತೆವು. ರಸ್ತೆಯಲ್ಲಿ ಒಂದು ಕಾರೂ ಇರಲಿಲ್ಲ. ಆದರೂ ಹಸಿರಾಗುವ ತನಕ ಕಪಾಟಿನ ಸಮೇತ ನಿಂತೇ ಇದ್ದೆವು.

ನಾನು ಹೊರಡುವ ದಿನ ಸತೀಶ ಬೆಳಗಿನ ರೈಲಿಗೇ ಎರ್ಲಾಂಗೆನ್‌ಗೆ ಬಂದಿದ್ದ, ನನ್ನನ್ನು ಕರೆದುಕೊಂಡು ಹೋಗಲು. ಅಳಿಯನ ಹೊಸ ಮನೆ ನೋಡಿ, "ಇನ್ನು ತಿಂಗಳಿಗೊಮ್ಮೆ ಬರ್ತೇನೆ ಮಾರಾಯ," ಎಂದ. "ಡೆಡ್‌ಲೈನ್ ಇದ್ರೆ?" ಎಂದು ನಿಖಿಲ್ ಕೇಳಿದ. "ಇದ್ರೂ," ಎಂದ. ಮಾವ ಅಳಿಯ ಇಬ್ಬರೂ ದಾರಿಗೆ ಬ್ರೆಡ್ಡು, ಕಾಫಿ ತರಲು ಹೋದರು. ಪ್ಲಾಟ್‌ಫಾರಂನಲ್ಲಿ ಪೆಟ್ಟಿಗೆಯ ಪಕ್ಕ ನಾನೂ ಯೋನಾಸೂ ನಿಂತಿದ್ದೆವು.

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ಬರುವ ಶನಿವಾರ ನಾನು ಮತ್ತೆ ಕತ್ತಿಗೆ ನಿಲ್ಲುತ್ತೇನೆ," ಎಂದ. "ನಿಖಿಲ್ ಅಂದು ಹೇಳಿದನಲ್ಲ, ಹೆದರಿಕೆ ಎಂದು. ನನಗೂ ಆಗಿತ್ತು. ಪ್ರತಿ ಸಲವೂ. ಯಾರಿಗೂ ಹೇಳಿಲ್ಲ."

"ನಿನ್ನ ಅಮ್ಮನಿಗೆ?"

ಅವನು ಇಲ್ಲವೆಂದು ತಲೆಯಾಡಿಸಿದ. "ಈ ಗೆರೆ ಬಂದ ಮೇಲೆ ಅವರು ನನ್ನನ್ನು ಬಲಗಡೆಯಿಂದ ಮಾತ್ರ ನೋಡುತ್ತಾರೆ."

ನಾನು ಕೈ ಎತ್ತಿ ಆ ಎಡಗೆನ್ನೆಯ ಮೇಲೆ ಇಟ್ಟೆ. ಗೆರೆ ಹೊಲಿಗೆ ಬಿಗಿದ ಬಟ್ಟೆಯ ಅಂಚಿನ ಹಾಗೆ ದೊರಗಾಗಿತ್ತು. ಎಷ್ಟು ಹೊಡೆತಕ್ಕೆ ಅಲುಗದೆ ನಿಂತವನೋ, ಆಗ ಮಾತ್ರ ಅವನ ಮುಖ ಅಲುಗಿತು.

"ಇವತ್ತು ಫೋನ್ ಮಾಡು," ಎಂದೆ. "ಶನಿವಾರ ಆದ ಮೇಲೆ ಬೇಡ."

ರೈಲು ಬಂತು. ಯೋನಾಸ್ ಪೆಟ್ಟಿಗೆ ಹತ್ತಿಸಿದ. ನಿಖಿಲ್ ಓಡಿ ಬಂದು ಬ್ರೆಡ್ಡಿನ ಪೊಟ್ಟಣ ಕೈಗಿಟ್ಟು ನನ್ನ ಕಾಲು ಮುಟ್ಟಿದ. ಸತೀಶ ಕಾಫಿ ಹಿಡಿದು ನನ್ನ ಹಿಂದೆಯೇ ಹತ್ತಿದ. ಬಾಗಿಲು ಮುಚ್ಚಿತು. ರೈಲು ಹೊರಟಾಗ ನಿಖಿಲ್ ಕೈ ಬೀಸುತ್ತಿದ್ದ. ಯೋನಾಸ್ ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡು, ನಮ್ಮ ಕಡೆಗೆ ಬೆನ್ನು ಹಾಕಿ, ಕಿವಿಗೆ ಫೋನ್ ಹಿಡಿದು ನಿಂತಿದ್ದ.